ಎಂಜಿನಿಯರಿಂಗ್ ಬಿಟ್ಟು ಬಿ.ಎಸ್ಸಿ. ಗಣಿತ ತಗೊಳ್ಳಬೇಕು ಅಂತಿದ್ದೀನಿ, ಮುಂದೆ ಏನೇನು ದಾರಿ ಇದೆ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎರಡನೇ ಪಿಯುಸಿ, ಪಿಸಿಎಂಸಿ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಅರಕಲಗೂಡು ಹತ್ತಿರದ ಸರ್ಕಾರಿ ಶಾಲೆ. ಗಣಿತ ಅಂದರೆ ನನಗೆ ತುಂಬಾ ಇಷ್ಟ. ಮಾರ್ಕ್ಸ್ ಬರುತ್ತೆ ಅನ್ನೋದಕ್ಕಲ್ಲ. ಒಂದು ಲೆಕ್ಕ ಯಾಕೆ ಹಾಗೇ ಬಂತು ಅಂತ ಗೊತ್ತಾಗುವವರೆಗೆ ಬೇರೆ ಪುಸ್ತಕ ತೆಗೆಯೋಕೆ ಮನಸ್ಸೇ ಬರುವುದಿಲ್ಲ.

ಮನೆಯಲ್ಲಿ ಎಲ್ಲರೂ ಸಿಇಟಿ ಬರೆದು ಕಂಪ್ಯೂಟರ್ ಸೈನ್ಸ್ ಸೇರು ಅನ್ನುತ್ತಿದ್ದಾರೆ. ಬಿ.ಎಸ್ಸಿ. ಗಣಿತ ಅಂದ ತಕ್ಷಣ ಅಪ್ಪ ಕೇಳಿದ್ದು, "ಟೀಚರ್ ಆಗ್ತೀಯಾ?" ಅಂತ. ಟೀಚರ್ ಆಗುವುದರಲ್ಲಿ ಕಡಿಮೆಯೇನೂ ಇಲ್ಲ. ಆದರೆ ಅದೊಂದೇ ದಾರಿಯಾ? ಎಲ್ಲಿ ಓದಿದರೆ ಒಳ್ಳೆಯದು? ನನ್ನ ಇಷ್ಟ ನಿಜವಾದ ಗಣಿತದ ಮೇಲಿದೆಯೋ, ಬರೀ ಪಿಯು ಲೆಕ್ಕಗಳ ಮೇಲಿದೆಯೋ ಅಂತ ತಿಳಿದುಕೊಳ್ಳುವುದು ಹೇಗೆ? ಸಾಲ ಮಾಡಿ ಓದಿಸಬೇಕಾದ ಮನೆ ನಮ್ಮದು. ಸುಮ್ನೆ ಆಸೆ ಹುಟ್ಟಿಸಬೇಡಿ, ಇರುವುದನ್ನು ಇರುವ ಹಾಗೇ ಹೇಳಿ.

ಪಿಯು ಮೇಷ್ಟ್ರು

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ಮಗಳೇ. ಉಳಿದ ಎರಡೂ ಅದರ ಮೇಲೇ ನಿಂತಿವೆ.

ಪಿಯುನಲ್ಲಿ ನಾವು ಕಲಿಸುವುದು ಹೆಚ್ಚಾಗಿ ಲೆಕ್ಕ ಬಿಡಿಸುವುದನ್ನು. ಸೂತ್ರ ಇರುತ್ತೆ, ಹಾಕಿದರೆ ಉತ್ತರ ಬರುತ್ತೆ. ಪದವಿಯ ಗಣಿತ ಬೇರೆ. ಅಲ್ಲಿ ಉತ್ತರಕ್ಕಿಂತ ಸಾಧನೆ, ಅಂದರೆ ಅದು ಯಾಕೆ ನಿಜ ಅಂತ ತೋರಿಸುವ ಪ್ರೂಫ್, ಮುಖ್ಯ. ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ, ಲೀನಿಯರ್ ಆಲ್ಜಿಬ್ರಾ, ಇವುಗಳಲ್ಲಿ ಒಂದು ಇಡೀ ಪುಟ ಸಂಖ್ಯೆಯೇ ಇಲ್ಲದೆ ಹೋಗಬಹುದು. ಪಿಯುನಲ್ಲಿ ನೂರಕ್ಕೆ ನೂರು ತೆಗೆದವರು ಅಲ್ಲಿ ಮೊದಲ ಸೆಮಿಸ್ಟರ್‌ಗೇ "ಇದು ನನಗಲ್ಲ" ಅಂದಿದ್ದನ್ನು ನೋಡಿದ್ದೇನೆ. ಎಂಬತ್ತು ತೆಗೆದವರು ಅದೇ ತರಗತಿಯಲ್ಲಿ ಅರಳಿದ್ದನ್ನೂ ನೋಡಿದ್ದೇನೆ.

ಒಂದು ಪ್ರಶ್ನೆ ಕೊಡುತ್ತೇನೆ. 1 ರಿಂದ 6 ರವರೆಗೆ ಎಲ್ಲವನ್ನೂ ಗುಣಿಸಿ. 720 ಬರುತ್ತೆ. 7 ರಿಂದ ಭಾಗಿಸಿದರೆ ಶೇಷ 6. ಅಂದರೆ 720ಕ್ಕೆ 1 ಕೂಡಿಸಿದರೆ 7 ಸರಿಯಾಗಿ ಹೋಗುತ್ತೆ. ಈಗ 1 ರಿಂದ 10 ರವರೆಗೆ ಗುಣಿಸಿ 11 ರಿಂದ ಭಾಗಿಸಿ. ಶೇಷ 10. ಇಲ್ಲೂ ಅದೇ ಆಟ. ಆದರೆ 1 ರಿಂದ 8 ರವರೆಗೆ ಗುಣಿಸಿ 9 ರಿಂದ ಭಾಗಿಸಿ ನೋಡಿ. 40,320ಕ್ಕೆ 9 ಪೂರ್ತಿ ಹೋಗುತ್ತೆ, ಶೇಷ ಸೊನ್ನೆ. ಅವಿಭಾಜ್ಯ ಸಂಖ್ಯೆಗಳಿಗೆ ಯಾವಾಗಲೂ ಮೊದಲ ಥರ ಯಾಕೆ ಆಗುತ್ತೆ?

ಒಂದು ಸುಳಿವು: 7 ರ ವಿಷಯದಲ್ಲಿ 2 ಮತ್ತು 4 ಜೋಡಿ, ಗುಣಿಸಿದರೆ 8, ಶೇಷ 1. 3 ಮತ್ತು 5 ಜೋಡಿ, 15, ಶೇಷ 1. ಜೋಡಿ ಸಿಗದೆ ಉಳಿಯುವವರು ಯಾರು? ಅವರೇ ಯಾಕೆ ಉಳಿಯುತ್ತಾರೆ?

ಇಂಟರ್‌ನೆಟ್ ನೋಡಬೇಡಿ. ಒಂದು ವಾರ ತಗೊಳ್ಳಿ. ಉತ್ತರ ಸಿಗದಿದ್ದರೂ ಚಿಂತೆ ಇಲ್ಲ. ಆ ವಾರ ನಿಮಗೆ ಹೇಗಿತ್ತು ಅನ್ನುವುದನ್ನು ಗಮನಿಸಿ.

ಕೊಪ್ಪಳದಿಂದ ಒಬ್ಬ ತಂದೆ

ನನ್ನ ಮಗನೂ ಇದೇ ಹಟ ಹಿಡಿದಿದ್ದಾನೆ. ಹಾಗಾಗಿ ನಾನೂ ಕೇಳುತ್ತೇನೆ. ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಗಳು ಬರುತ್ತವೆ. ನಮ್ಮ ತಾಲೂಕಿನ ಪದವಿ ಕಾಲೇಜಿಗೆ ಯಾರು ಬರುತ್ತಾರೆ? ಮಕ್ಕಳ ಆಸೆಗೆ ಬೆಲೆ ಕೊಡಬೇಕು, ಒಪ್ಪುತ್ತೇನೆ. ಆದರೆ ಮೂರು ವರ್ಷ ಆದಮೇಲೆ ಮನೆಯಲ್ಲಿ ಕೂರುವ ಹಾಗಾಗಬಾರದು, ಅಲ್ವಾ? ಇಲ್ಲಿ ಯಾರಾದರೂ ಗಣಿತ ಓದಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರೆ ಅವರು ಅಲ್ಲಿಗೆ ಹೇಗೆ ತಲುಪಿದರು ಅಂತ ಹೇಳಲಿ.

ಡೇಟಾ ಕೆಲಸದವಳು

ನಾನು ಹೇಳುತ್ತೇನೆ ಸರ್. ತುಮಕೂರು ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ., ಭೌತಶಾಸ್ತ್ರ-ಗಣಿತ-ಕಂಪ್ಯೂಟರ್ ಸೈನ್ಸ್. ಆಮೇಲೆ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಈಗ ಬೆಂಗಳೂರಿನ ಒಂದು ಪೇಮೆಂಟ್ ಕಂಪನಿಯಲ್ಲಿ ಮೋಸದ ವಹಿವಾಟು ಪತ್ತೆ ಹಚ್ಚುವ ತಂಡದಲ್ಲಿದ್ದೇನೆ.

ನಿಮ್ಮ ಆತಂಕ ಸರಿಯಾದದ್ದೇ. ಬರೀ ಬಿ.ಎಸ್ಸಿ. ಗಣಿತದ ಸರ್ಟಿಫಿಕೇಟ್ ಹಿಡಿದು ಹೋದರೆ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. "ಗಣಿತಜ್ಞರು ಬೇಕಾಗಿದ್ದಾರೆ" ಅಂತ ಯಾವ ಕಂಪನಿಯೂ ಜಾಹೀರಾತು ಹಾಕುವುದಿಲ್ಲ. ಗಣಿತ ಓದಿದವರು ಡೇಟಾ ಅನಲಿಸ್ಟ್, ರಿಸ್ಕ್ ಅನಲಿಸ್ಟ್, ಸಾಫ್ಟ್‌ವೇರ್ ಡೆವಲಪರ್ ಅನ್ನುವ ಬೇರೆ ಬೇರೆ ಹೆಸರಿನಲ್ಲಿ ಒಳಗೆ ಬರುತ್ತಾರೆ. ಬಿ.ಎಸ್ಸಿ. ಆದ ಕೂಡಲೇ ಸೇರುವ ದಾರಿಗಳೂ ಇವೆ. ವಿಪ್ರೊದಲ್ಲಿ ಬಿ.ಎಸ್ಸಿ., ಬಿಸಿಎ ಓದಿದವರನ್ನು ತಗೊಂಡು ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ಯೋಜನೆ ಇದೆ. ಆದರೆ ಶುರುವಿನ ಸಂಬಳ ಎಂಜಿನಿಯರ್‌ಗಳಿಗಿಂತ ಕಡಿಮೆ ಇರುತ್ತೆ. ಅದನ್ನು ಮುಚ್ಚಿಡುವುದು ತಪ್ಪು.

ನನಗೆ ಗಣಿತ ಎಲ್ಲಿ ಕೆಲಸಕ್ಕೆ ಬರುತ್ತೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. 10,000 ವಹಿವಾಟು ಇದೆ ಅಂದುಕೊಳ್ಳಿ. ಅದರಲ್ಲಿ 100 ಮೋಸದವು. ನಮ್ಮ ಪ್ರೋಗ್ರಾಂ ತುಂಬಾ ಚೆನ್ನಾಗಿದೆ. ಮೋಸದ 100ರಲ್ಲಿ 99 ಹಿಡಿಯುತ್ತೆ. ಸರಿಯಾದ ವಹಿವಾಟಿನಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯುತ್ತೆ. ಕೇಳಿದರೆ 99 ಪರ್ಸೆಂಟ್ ಸರಿ ಅನಿಸುತ್ತೆ. ಆದರೆ ಸರಿಯಾದವು 9,900 ಇವೆಯಲ್ಲ, ಅದರಲ್ಲಿ ನೂರಕ್ಕೆ ಒಂದು ಅಂದರೆ 99. ಹಾಗಾಗಿ ಪ್ರೋಗ್ರಾಂ ಕೆಂಪು ಗುರುತು ಹಾಕಿದ 198 ವಹಿವಾಟಿನಲ್ಲಿ ಅರ್ಧ ತಪ್ಪೇ ಮಾಡದ ಜನರದ್ದು. ಅವರೆಲ್ಲರ ಖಾತೆ ತಡೆದರೆ ಏನಾಗುತ್ತೆ ಯೋಚಿಸಿ. ಅಂಗಡಿಯವರು, ಆಸ್ಪತ್ರೆಯಲ್ಲಿ ಬಿಲ್ ಕಟ್ಟಲು ನಿಂತವರು.

ಕೋಡ್ ಬರೆಯುವವರು ನಮ್ಮ ತಂಡದಲ್ಲಿ ಬೇಕಾದಷ್ಟಿದ್ದಾರೆ. ಈ 99 ಪರ್ಸೆಂಟ್ ಅನ್ನುವುದರ ಒಳಗೆ ಏನಿದೆ ಅಂತ ನಿಂತು ಕೇಳುವವರು ಕಡಿಮೆ. ಆ ಅಭ್ಯಾಸ ನನಗೆ ಬಂದಿದ್ದು ಸಂಭವನೀಯತೆಯ ತರಗತಿಯಲ್ಲಿ, ಸಾಧನೆ ಬರೆದು ಬರೆದು. ಆದರೆ ಕೆಲಸ ಸಿಕ್ಕಿದ್ದು ಅದರ ಜೊತೆಗೆ ಪೈಥಾನ್ ಮತ್ತು ಎಸ್‌ಕ್ಯೂಎಲ್ ಅನ್ನುವ ಕಂಪ್ಯೂಟರ್ ಭಾಷೆಗಳು ಬರುತ್ತಿದ್ದುದರಿಂದ. ಎರಡೂ ನಿಜ.

ಮೈಸೂರು ರಸ್ತೆ

ನಾನು ಐಎಸ್‌ಐ ಬೆಂಗಳೂರಿನಲ್ಲಿ ಬಿ.ಮ್ಯಾಥ್., ಅಂದರೆ ಗಣಿತದ ಪದವಿ, ಓದಿದವನು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಂದರೆ ತುಂಬಾ ಜನ ಕೋಲ್ಕತ್ತಾ ಅಂದುಕೊಳ್ಳುತ್ತಾರೆ. 1931ರಲ್ಲಿ ಮಹಾಲನೋಬಿಸ್ ಅವರು ಶುರು ಮಾಡಿದ್ದು ಅಲ್ಲೇ, ನಿಜ. ಆದರೆ ಬಿ.ಮ್ಯಾಥ್. ಕೋರ್ಸ್ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಮೈಸೂರು ರಸ್ತೆಯ ಆರ್.ವಿ. ಕಾಲೇಜಿನ ಹತ್ತಿರ. ಬೋಧನಾ ಶುಲ್ಕ ಇಲ್ಲ. ಚೆನ್ನಾಗಿ ಓದುತ್ತಿದ್ದರೆ ತಿಂಗಳು ತಿಂಗಳು ಸ್ಟೈಪೆಂಡ್ ಕೂಡ ಕೊಡುತ್ತಾರೆ. ಸಾಲ ಮಾಡಬೇಕಾದ ಮನೆ ಅಂದರಲ್ಲ, ಅದಕ್ಕೇ ಇದನ್ನು ಮೊದಲು ಹೇಳಿದೆ. ಕರ್ನಾಟಕದ ಎಷ್ಟೋ ಪಿಯು ವಿದ್ಯಾರ್ಥಿಗಳಿಗೆ ಇಂಥದ್ದೊಂದು ಜಾಗ ಇದೆ ಅಂತಲೇ ಗೊತ್ತಿಲ್ಲ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ.

ಪ್ರವೇಶ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಇರುತ್ತೆ. ಒಂದು ಪೇಪರ್ ಆಯ್ಕೆ ಉತ್ತರದ್ದು, ಇನ್ನೊಂದು ಪೂರ್ತಿ ಬರೆದು ಸಾಧಿಸುವುದು. ಸಿಇಟಿ ಥರ ಬೇಗ ಬೇಗ ಟಿಕ್ ಹಾಕುವ ಪರೀಕ್ಷೆ ಅಲ್ಲ. ಎರಡು ಗಂಟೆಯಲ್ಲಿ ಮೂರ್ನಾಲ್ಕು ಪ್ರಶ್ನೆ ಚೆನ್ನಾಗಿ ಬಿಡಿಸಿದರೂ ದೊಡ್ಡದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಂಸ್ಥೆಯೇ ತನ್ನ ವೆಬ್‌ಸೈಟ್‌ನಲ್ಲಿ ಹಾಕಿದೆ. ಅದನ್ನು ಹಿಡಿದು ಕೂತರೆ ಮೇಷ್ಟ್ರು ಕೊಟ್ಟಂಥ ಪ್ರಶ್ನೆಗಳೇ ಸಿಗುತ್ತವೆ.

ಇದೇ ಮಟ್ಟದ ಇನ್ನೊಂದು ಜಾಗ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್. ಸಿ.ಎಸ್. ಶೇಷಾದ್ರಿ ಅವರು ಕಟ್ಟಿದ್ದು. ಅಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸ್ ಸೇರಿಸಿ ಬಿ.ಎಸ್ಸಿ. ಆನರ್ಸ್ ಇದೆ. ಕಂಪ್ಯೂಟರ್ ಕಡೆಗೂ ಮನಸ್ಸಿದ್ದರೆ ನನ್ನ ಪ್ರಕಾರ ಅದೇ ಒಳ್ಳೆಯ ಆಯ್ಕೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ, ಅದರಲ್ಲಿ ಗಣಿತವನ್ನು ಮೇಜರ್ ಮಾಡಿಕೊಳ್ಳಬಹುದು. 2022ರಿಂದ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್‌ನಲ್ಲಿ ಬಿ.ಟೆಕ್. ಕೂಡ ಶುರುವಾಗಿದೆ, ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ಬೇಕು. ಪ್ರವೇಶದ ನಿಯಮ ಆಗಾಗ ಬದಲಾಗುತ್ತೆ. ಯಾರ ಮಾತನ್ನೂ ನಂಬದೆ ಆಯಾ ವರ್ಷದ ಪ್ರಾಸ್ಪೆಕ್ಟಸ್ ನೀವೇ ಓದಿ.

ನನ್ನ ಜೊತೆ ಓದಿದವರು ಈಗ ಎಲ್ಲೆಲ್ಲಿದ್ದಾರೆ ಅಂದರೆ, ಕೆಲವರು ಪಿಎಚ್‌.ಡಿ. ಮಾಡುತ್ತಿದ್ದಾರೆ, ಕೆಲವರು ಬ್ಯಾಂಕ್‌ಗಳ ರಿಸ್ಕ್ ವಿಭಾಗದಲ್ಲಿದ್ದಾರೆ, ಇಬ್ಬರು ಕ್ರಿಪ್ಟೋಗ್ರಫಿ, ಅಂದರೆ ಮಾಹಿತಿಯನ್ನು ಗುಟ್ಟಾಗಿಡುವ ಗಣಿತದ ಕಡೆ ಹೋದರು. ಖಾಲಿ ಕೂತವರು ಯಾರೂ ಇಲ್ಲ.

ಹಾಸನದ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಐಎಸ್‌ಐ ಇಷ್ಟು ಹತ್ತಿರ ಇದೆ ಅಂತ ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ. 1 ಮತ್ತು ಕೊನೆಯ ಸಂಖ್ಯೆ ಮಾತ್ರ ಒಂಟಿಯಾಗಿ ಉಳಿಯುತ್ತವೆ. ಒಂದು ಸಂಖ್ಯೆಗೆ ಅದೇ ಜೋಡಿ ಆಗಬೇಕಾದರೆ ಅದರ ವರ್ಗದಿಂದ 1 ಕಳೆದಾಗ ಆ ಅವಿಭಾಜ್ಯ ಸಂಖ್ಯೆ ಹೋಗಬೇಕು. ವರ್ಗದಿಂದ 1 ಕಳೆದರೆ ಅದು ಆ ಸಂಖ್ಯೆಗಿಂತ ಒಂದು ಕಡಿಮೆ ಮತ್ತು ಒಂದು ಹೆಚ್ಚು, ಇವೆರಡರ ಗುಣಲಬ್ಧ. ಅವಿಭಾಜ್ಯ ಸಂಖ್ಯೆ ಇವೆರಡರಲ್ಲಿ ಒಂದಕ್ಕಾದರೂ ಹೋಗಲೇಬೇಕು. ಹಾಗಾಗಿ ಮೊದಲನೆಯದು ಇಲ್ಲ ಕೊನೆಯದು, ಬೇರೆ ಯಾವುದೂ ಸಾಧ್ಯ ಇಲ್ಲ. ಉಳಿದವೆಲ್ಲ ಜೋಡಿಯಾಗಿ 1 ಆಗಿಬಿಡುತ್ತವೆ. 9 ರಲ್ಲಿ 3ಕ್ಕೆ ಮತ್ತು 6ಕ್ಕೆ ಜೋಡಿಯೇ ಸಿಗುವುದಿಲ್ಲ, ಅದಕ್ಕೇ ಕೆಡುತ್ತೆ. ಆದರೆ ಒಂದು ಕಡೆ ನನಗೆ ಇನ್ನೂ ಸಮಾಧಾನ ಇಲ್ಲ. ಅವಿಭಾಜ್ಯ ಸಂಖ್ಯೆ ಆದರೆ ಪ್ರತಿಯೊಂದಕ್ಕೂ ಜೋಡಿ ಇದ್ದೇ ಇರುತ್ತೆ ಅಂತ ಹೇಗೆ ಹೇಳುವುದು? ನೋಡಿದ ಉದಾಹರಣೆಯಲ್ಲೆಲ್ಲ ಇತ್ತು ಅಷ್ಟೇ.

ಇನ್ನೊಂದು ಕೇಳಬೇಕಿತ್ತು. ಇಷ್ಟು ದೊಡ್ಡ ಪರೀಕ್ಷೆ ಪಾಸಾಗದಿದ್ದರೆ ಮಾಮೂಲಿ ಕಾಲೇಜಿನಲ್ಲಿ ಓದಿ ಪ್ರಯೋಜನ ಇದೆಯಾ?

ಪಿಯು ಮೇಷ್ಟ್ರು

ನಿಮ್ಮ ಸಾಧನೆ ಸರಿ ಇದೆ. ಅದಕ್ಕಿಂತ ನನಗೆ ಖುಷಿ ಕೊಟ್ಟಿದ್ದು "ಸಮಾಧಾನ ಇಲ್ಲ" ಅಂದಿರಲ್ಲ, ಅದು. ಸರಿಯಾದ ಜಾಗದಲ್ಲೇ ನಿಂತಿದ್ದೀರಿ. 3 ತಗೊಳ್ಳಿ. ಅದನ್ನು 1 ರಿಂದ 6 ರವರೆಗೆ ಗುಣಿಸಿ 7 ರಿಂದ ಭಾಗಿಸಿದ ಶೇಷ ಬರೆಯಿರಿ: 3, 6, 2, 5, 1, 4. ಒಂದೂ ಎರಡು ಸಲ ಬರಲಿಲ್ಲ. ಯಾಕೆ ಬರುವುದಿಲ್ಲ ಅಂತ ನೋಡಿ. ಬರದಿದ್ದರೆ 1 ಎಲ್ಲೋ ಒಂದು ಕಡೆ ಬಂದೇ ಬರಬೇಕು. ಉಳಿದದ್ದು ನಿಮಗೇ ಬಿಟ್ಟೆ. ಇದರ ಹೆಸರು ವಿಲ್ಸನ್ ಪ್ರಮೇಯ.

ಗಣಿತ ತಗೊಳ್ಳಿ ಅಂತ ಯಾರಿಗೂ ನಾನು ಸುಲಭಕ್ಕೆ ಹೇಳುವವನಲ್ಲ. ನಿಮಗೆ ಹೇಳುತ್ತೇನೆ.

ಧಾರವಾಡದ ಎಂ.ಎಸ್ಸಿ.

ಮಾಮೂಲಿ ಕಾಲೇಜಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕಂದರೆ ನಾನು ಬಂದಿದ್ದೇ ಆ ದಾರಿಯಲ್ಲಿ. ಕನ್ನಡ ಮಾಧ್ಯಮ, ತಾಲೂಕಿನ ಸರ್ಕಾರಿ ಪದವಿ ಕಾಲೇಜು, ಆಮೇಲೆ ಜ್ಯಾಮ್ ಅನ್ನುವ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂ.ಎಸ್ಸಿ.

ಮೊದಲು ಈಗಿನ ವ್ಯವಸ್ಥೆ ಗೊತ್ತಿರಲಿ. 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕರ್ನಾಟಕ ಸರ್ಕಾರ 2024–25ರಿಂದ ಕೈಬಿಟ್ಟಿದೆ. ಮತ್ತೆ ಮೂರು ವರ್ಷದ ಪದವಿಗೇ ಬಂದಿದ್ದೇವೆ. ಸರ್ಕಾರಿ ಕಾಲೇಜಿನಲ್ಲಿ ಫೀ ತುಂಬಾ ಕಡಿಮೆ. ಎಂಜಿನಿಯರಿಂಗ್‌ಗೆ ಮಾಡುವ ಸಾಲದ ಒಂದು ಚೂರೂ ಬೇಕಾಗುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರ ಒಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ. ಗಣಿತವೂ ಅದರಲ್ಲಿ ಸೇರಿದೆ. ಅರ್ಹತೆ ಇದ್ದೂ ಅರ್ಜಿ ಹಾಕದೇ ಬಿಟ್ಟವರನ್ನು ನಾನು ಬಲ್ಲೆ. ದಯವಿಟ್ಟು ನೀವು ಬಿಡಬೇಡಿ.

ತೊಂದರೆ ಇರುವುದು ಪಾಠದಲ್ಲಿ. ನಮ್ಮಲ್ಲಿ ಎಷ್ಟೋ ಕಡೆ ಪ್ರಮೇಯವನ್ನು ಬೋರ್ಡ್ ಮೇಲೆ ಬರೆದು, ವಿದ್ಯಾರ್ಥಿಗಳು ಕಾಪಿ ಮಾಡಿಕೊಂಡು, ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಹಾಗೆ ಓದಿದರೆ ಮೂರು ವರ್ಷ ಆದಮೇಲೂ ಏನೂ ಬಂದಿರುವುದಿಲ್ಲ. ಪದವಿ ಮಾತ್ರ ಬಂದಿರುತ್ತೆ. ಇದನ್ನು ನೀವೇ ಸರಿ ಮಾಡಿಕೊಳ್ಳಬೇಕು. ನಾನು ಮಾಡಿದ್ದು ಇಷ್ಟು. ಎನ್‌ಪಿಟಿಇಎಲ್ ಅನ್ನುವ ವೆಬ್‌ಸೈಟ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿ ಪ್ರೊಫೆಸರ್‌ಗಳ ಪಾಠಗಳು ಉಚಿತವಾಗಿವೆ, ಅನಾಲಿಸಿಸ್ ಮತ್ತು ಲೀನಿಯರ್ ಆಲ್ಜಿಬ್ರಾ ಅಲ್ಲೇ ಕೇಳಿದೆ. ಪ್ರತಿ ಪ್ರಮೇಯವನ್ನು ಪುಸ್ತಕ ಮುಚ್ಚಿ ನನ್ನ ಮಾತಿನಲ್ಲಿ ಬರೆದೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಲು ಬಂದರೆ ಅರ್ಥ ಆಗಿದೆ ಅಂತಲೇ ಲೆಕ್ಕ. ಇಂಗ್ಲಿಷ್ ಆಮೇಲೆ ತಾನಾಗಿ ಹಿಂದೆ ಬರುತ್ತೆ. ಗಣಿತದ ಇಂಗ್ಲಿಷ್ ನೂರಿನ್ನೂರು ಪದದ್ದು, ಹೆದರಬೇಡಿ.

ಇನ್ನು ಎಂಟಿಟಿಎಸ್. 1993ರಿಂದ ನಡೆಯುತ್ತಿರುವ ಬೇಸಿಗೆ ಶಿಬಿರ, ಪ್ರೊ. ಎಸ್. ಕುಮರೇಶನ್ ಅವರು ಶುರು ಮಾಡಿದ್ದು. ಗಣಿತ ಓದುವ ಪದವಿ ವಿದ್ಯಾರ್ಥಿಗಳಿಗೆ. ಅಲ್ಲಿ ಪಾಠ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಜಾಸ್ತಿ. ಬೋರ್ಡ್ ಹತ್ತಿರ ನಿಲ್ಲಿಸಿ "ಇದು ಯಾಕೆ ನಿಜ?" ಅಂತ ಕೇಳುತ್ತಾರೆ. ಉತ್ತರ ಬರುವವರೆಗೆ ಕಾಯುತ್ತಾರೆ. ಸಣ್ಣ ಊರಿನ ಕಾಲೇಜಿನಿಂದ ಬಂದ ನನ್ನಂಥವನಿಗೆ ಅದು ಬದುಕನ್ನೇ ಬದಲಿಸಿತು. ಎರಡನೇ ವರ್ಷದಲ್ಲೇ ಅರ್ಜಿ ಹಾಕಿ.

ಆಮೇಲೆ ಜ್ಯಾಮ್. ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಇರುತ್ತೆ. ಕೊನೆಯ ವರ್ಷದಲ್ಲಿ ಬರೆಯಬಹುದು. ಐಐಟಿಗಳ ಎಂ.ಎಸ್ಸಿ., ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌.ಡಿ., ಎಲ್ಲಕ್ಕೂ ಅದೇ ದಾರಿ. ನಿಮ್ಮ ಬಿ.ಎಸ್ಸಿ. ಯಾವ ಕಾಲೇಜು ಅಂತ ಅಲ್ಲಿ ನನ್ನನ್ನು ಯಾರೂ ಕೇಳಲಿಲ್ಲ.

ಬೆಳಗಾವಿ ಎಂಜಿನಿಯರ್

ನಾನು ಇಲ್ಲಿ ಬೇರೆ ಮಾತು ಹೇಳಬೇಕು. ಎಂಜಿನಿಯರಿಂಗ್ ಓದಿಯೂ ಜ್ಯಾಮ್ ಬರೆಯಬಹುದು. ಐಎಸ್‌ಐನ ಎಂ.ಮ್ಯಾಥ್.ಗೂ ಎಂಜಿನಿಯರ್‌ಗಳು ಅರ್ಜಿ ಹಾಕಬಹುದು. 2024ರಿಂದ ಎಂ.ಟೆಕ್. ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಪೇಪರ್ ಬೇರೆ ಬಂದಿದೆ. ಹಾಗಿರುವಾಗ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕರೆ ಅದನ್ನು ಓದಿ, ಗಣಿತವನ್ನು ಜೊತೆಗೆ ಇಟ್ಟುಕೊಳ್ಳುವುದು ಮೇಲಲ್ವಾ? ಕೈಯಲ್ಲಿ ಒಂದು ಕೆಲಸ ಇರುತ್ತೆ. ಮನೆಯವರಿಗೂ ನೆಮ್ಮದಿ.

2002ರಲ್ಲಿ ಐಐಟಿ ಕಾನ್ಪುರದಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸುವ ಹೊಸ ವಿಧಾನ ಕಂಡುಹಿಡಿದರಲ್ಲ, ಮಣೀಂದ್ರ ಅಗ್ರವಾಲ್ ಜೊತೆ ಇದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಆಗತಾನೇ ಕಂಪ್ಯೂಟರ್ ಸೈನ್ಸ್ ಬಿ.ಟೆಕ್. ಮುಗಿಸಿದ್ದವರು. ಗಣಿತ ಮಾಡಲು ಗಣಿತದ ಪದವಿಯೇ ಬೇಕು ಅಂತಿಲ್ಲ.

ಧಾರವಾಡದ ಎಂ.ಎಸ್ಸಿ.

ಬಾಗಿಲು ತೆರೆದಿದೆ ಅನ್ನುವುದು ನಿಜ. ಆದರೆ ಅವರು ಓದಿದ್ದು ಐಐಟಿ ಕಾನ್ಪುರದಲ್ಲಿ. ಮಾಮೂಲಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡ್, ಇಂಟರ್ನಲ್ಸ್, ಪ್ರಾಜೆಕ್ಟ್ ಇವುಗಳ ನಡುವೆ ಅನಾಲಿಸಿಸ್ ಓದುವವರು ಎಷ್ಟು ಜನ? ನನ್ನ ಎಂ.ಎಸ್ಸಿ. ಬ್ಯಾಚಿನಲ್ಲಿ ಎಂಜಿನಿಯರಿಂಗ್ ಮಾಡಿ ಬಂದವರು ಒಬ್ಬಿಬ್ಬರಿದ್ದರು. ಬಹಳ ಗಟ್ಟಿ ಜನ. ಆದರೆ ಮೊದಲ ವರ್ಷ ಪೂರ್ತಿ ಬಿಟ್ಟುಹೋದ ಪಾಠ ಹಿಡಿಯುವುದರಲ್ಲೇ ಹೋಯಿತು ಅವರಿಗೆ. ಇಷ್ಟ ಅರ್ಧ ಇದ್ದವರಿಗೆ ನಿಮ್ಮ ದಾರಿ ಸರಿ. ಈ ಹುಡುಗಿಯ ಉತ್ತರ ನೋಡಿದ ಮೇಲೂ ಅದನ್ನೇ ಹೇಳುತ್ತೀರಾ?

ಬೆಳಗಾವಿ ಎಂಜಿನಿಯರ್

ಅವರ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಒಳ್ಳೆಯ ಕಾಲೇಜಿನಲ್ಲಿ ಕಡಿಮೆ ಫೀಗೆ ಸರ್ಕಾರಿ ಕೋಟಾ ಸೀಟು ಸಿಕ್ಕರೆ ಮತ್ತೊಮ್ಮೆ ಯೋಚಿಸಲಿ ಅನ್ನುವ ಮಾತನ್ನು ಬಿಡುವುದಿಲ್ಲ. ಸಿಇಟಿ ಬರೆಯುವುದನ್ನಂತೂ ತಪ್ಪಿಸಬಾರದು.

ವಿಮಾ ಗಣಿತ

ಯಾರೂ ಆಕ್ಚುವರಿ ಬಗ್ಗೆ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ವಿಮೆ ಮತ್ತು ಪಿಂಚಣಿಯ ಲೆಕ್ಕ ಹಾಕುವವರು ನಾವು. ಸಾವಿರ ಜನ ಒಂದೇ ವಯಸ್ಸಿನವರು ತಲಾ 10 ಲಕ್ಷದ ವಿಮೆ ಮಾಡಿಸಿದರು ಅನ್ನಿ. ಅವರಲ್ಲಿ ಇಬ್ಬರು ಆ ವರ್ಷ ತೀರಿಕೊಳ್ಳಬಹುದು ಅಂತ ಅಂದಾಜಿದ್ದರೆ, 20 ಲಕ್ಷ ಕೊಡಬೇಕಾಗುತ್ತೆ. ಸಾವಿರ ಜನಕ್ಕೆ ಹಂಚಿದರೆ ತಲಾ 2,000 ರೂಪಾಯಿ. ಇದು ಶುರು ಅಷ್ಟೇ. ಇಬ್ಬರ ಬದಲು ಐವರು ಹೋದರೆ? ಬಡ್ಡಿ ಇಳಿದರೆ? ಮೂವತ್ತು ವರ್ಷದ ಪಾಲಿಸಿಯನ್ನು ಅರ್ಧಕ್ಕೇ ಬಿಟ್ಟವರು ಜಾಸ್ತಿಯಾದರೆ? ಕೋವಿಡ್ ಥರದ್ದು ಬಂದರೆ? ಕಂಪನಿಯ ಹತ್ತಿರ ಕೊಡಲು ಹಣ ಇರಲೇಬೇಕು. ಇಲ್ಲದಿದ್ದರೆ ಒಂದು ಮನೆಗೆ ಅತ್ಯಂತ ಕಷ್ಟದ ದಿನ ಬಂದಾಗ ಕೈಬಿಟ್ಟಂತೆ.

ಇದಕ್ಕೆ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾದ ಪರೀಕ್ಷೆಗಳಿವೆ. ಮೊದಲು ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ, ಪಿಯು ಆದಮೇಲೆ ಬರೆಯಬಹುದು. ಆಮೇಲೆ ಫೆಲೋ ಆಗುವವರೆಗೆ ಹದಿಮೂರು ಪೇಪರ್. ಕಷ್ಟ ಇದೆ, ಕೆಲವು ಪೇಪರ್ ಎರಡು ಮೂರು ಸಲ ಬರೆಯುವವರೇ ಜಾಸ್ತಿ. ಪರೀಕ್ಷೆ ಶುಲ್ಕವೂ ಕಡಿಮೆಯೇನಲ್ಲ. ಆದರೆ ಮೂರು ನಾಲ್ಕು ಪೇಪರ್ ಆದರೆ ಕೆಲಸಕ್ಕೆ ಅರ್ಜಿ ಹಾಕಬಹುದು. ಉಳಿದದ್ದನ್ನು ಕೆಲಸ ಮಾಡುತ್ತಲೇ ಬರೆಯುತ್ತಾರೆ. ಬೆಂಗಳೂರಿನಲ್ಲಿ ಹೊರದೇಶದ ವಿಮಾ ಕಂಪನಿಗಳಿಗೆ ಈ ಕೆಲಸ ಮಾಡಿಕೊಡುವ ಕಚೇರಿಗಳಿವೆ. ಬಿ.ಎಸ್ಸಿ. ಗಣಿತ ಓದುತ್ತಲೇ ಮೊದಲ ಪೇಪರ್‌ಗಳನ್ನು ಬರೆಯಬಹುದು. ಸಂಭವನೀಯತೆ ಇಷ್ಟ ಇರುವವರಿಗೆ ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ಅತಿಥಿ ಉಪನ್ಯಾಸಕಿ

ಅಪ್ಪ ಕೇಳಿದ "ಟೀಚರ್ ಆಗ್ತೀಯಾ" ಅನ್ನುವುದಕ್ಕೆ ನಾನು ಬರೆಯಲೇಬೇಕು. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ.

ಪಾಠ ಮಾಡುವುದು ನನಗೆ ಪ್ರಾಣ. ಆದರೆ ಕೆಲಸದ ಸ್ಥಿತಿ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಕರ್ನಾಟಕದ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಪ್ರತಿ ವರ್ಷ ಹೊಸದಾಗಿ ಕೌನ್ಸೆಲಿಂಗ್, ರಜೆಯ ತಿಂಗಳಲ್ಲಿ ಸಂಬಳ ಇಲ್ಲ. ಕಾಯಂ ಹುದ್ದೆಗೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ಪಿಎಚ್‌.ಡಿ. ಎಲ್ಲ ಇದ್ದರೂ ನೇಮಕಾತಿ ಯಾವಾಗ ಕರೆಯುತ್ತಾರೆ ಅಂತ ಕಾಯುತ್ತಾ ಕೂರಬೇಕು. ಪಿಯು ಕಾಲೇಜಿಗೆ ಎಂ.ಎಸ್ಸಿ. ಜೊತೆ ಬಿ.ಎಡ್. ಬೇಕು. ಹೈಸ್ಕೂಲಿಗೆ ಬಿ.ಎಸ್ಸಿ., ಬಿ.ಎಡ್.

ಶಾಲೆಯಲ್ಲಿ ಕಲಿಸುವ ಮನಸ್ಸಿದ್ದರೆ ಮೈಸೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ನೋಡಿ. ಅಲ್ಲಿ ಬಿ.ಎಸ್ಸಿ. ಮತ್ತು ಬಿ.ಎಡ್. ಸೇರಿ ನಾಲ್ಕೇ ವರ್ಷ, ಒಂದು ವರ್ಷ ಉಳಿಯುತ್ತೆ. ಗಣಿತವನ್ನು ಹೇಗೆ ಕಲಿಸಬೇಕು ಅನ್ನುವುದನ್ನು ಮೊದಲ ದಿನದಿಂದಲೇ ಯೋಚಿಸುವ ಜಾಗ ಅದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಬಿ.ಎಸ್ಸಿ. ಗಣಿತ ಇದೆ. ಮನೆಯ ಆದಾಯ ನೋಡಿ ಫೀ ನೆರವು ಕೊಡುತ್ತಾರೆ.

ನಮ್ಮ ಹಳ್ಳಿ ಶಾಲೆಗಳಲ್ಲಿ ಗಣಿತಕ್ಕೆ ಒಳ್ಳೆಯ ಟೀಚರ್ ಇಲ್ಲದೆ ಎಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲೇ ನಿಲ್ಲುತ್ತಾರೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತೆ. ಹಾಗಾಗಿ ಬರಬೇಡಿ ಅನ್ನುವುದಿಲ್ಲ. ಗೊತ್ತಿದ್ದು ಬನ್ನಿ.

ಕೊಪ್ಪಳದಿಂದ ಒಬ್ಬ ತಂದೆ

ಇಷ್ಟು ವಿವರ ಯಾವ ಕಾಲೇಜಿನ ಮಾರ್ಗದರ್ಶನದಲ್ಲೂ ಸಿಕ್ಕಿರಲಿಲ್ಲ. ಎಲ್ಲರಿಗೂ ವಂದನೆ. ಮಗನಿಗೆ ಪೂರ್ತಿ ಓದಿಸಿದೆ. ಆಕ್ಚುವರಿ ಅಂದರೆ ಏನು ಅಂತ ಇವತ್ತೇ ತಿಳಿದದ್ದು. ಒಂದು ಸಣ್ಣ ಪ್ರಶ್ನೆ. ಗಣಿತ ಓದಿದವರಿಗೆ ಸರ್ಕಾರಿ ಕೆಲಸ, ಟೀಚಿಂಗ್ ಬಿಟ್ಟು?

ಹಡಗಲಿಯವ

ಬ್ಯಾಂಕ್ ಪರೀಕ್ಷೆ, ಕೆಎಎಸ್, ಯುಪಿಎಸ್‌ಸಿ ಎಲ್ಲಕ್ಕೂ ಯಾವ ಪದವಿಯಾದರೂ ಆಗುತ್ತೆ. ಯುಪಿಎಸ್‌ಸಿಯಲ್ಲಿ ಗಣಿತವನ್ನೇ ಐಚ್ಛಿಕ ವಿಷಯವಾಗಿ ತಗೊಳ್ಳಬಹುದು.

ಸರ್, ನಮ್ಮ ಊರಿನ ಹೆಮ್ಮೆಯ ಒಂದು ಮಾತು ಹೇಳುತ್ತೇನೆ. ಸಿ.ಆರ್. ರಾವ್ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, 1920ರಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಮುಗಿಸಿದಾಗ ಅವರ ಕೈಯಲ್ಲೂ ಕೆಲಸ ಇರಲಿಲ್ಲ. ಒಂದು ಕೆಲಸದ ಸಂದರ್ಶನಕ್ಕೆ ಅಂತ ಕಲ್ಕತ್ತಾಕ್ಕೆ ಹೋದಾಗ ಐಎಸ್‌ಐ ಬಗ್ಗೆ ತಿಳಿಯಿತು. 1941ರಲ್ಲಿ ಅಲ್ಲಿ ಸೇರಿದರು. ಆಮೇಲೆ ಸಂಖ್ಯಾಶಾಸ್ತ್ರದ ಚರಿತ್ರೆಯೇ ಅವರ ಹೆಸರಿಲ್ಲದೆ ಬರೆಯಲಾಗದ ಹಾಗಾಯಿತು. 2023ರಲ್ಲಿ, ನೂರೆರಡನೇ ವಯಸ್ಸಿನಲ್ಲಿ, ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಬಂತು. ಎಲ್ಲರೂ ಸಿ.ಆರ್. ರಾವ್ ಆಗುವುದಿಲ್ಲ, ಗೊತ್ತು. ಆದರೆ ಗಣಿತದಿಂದ ಪಕ್ಕದ ವಿಷಯಕ್ಕೆ ದಾಟುವುದು ಸುಲಭ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಹಾಸನದ ಹುಡುಗಿ

ಅಪ್ಪನ ಜೊತೆ ಕೂತು ಇದನ್ನೆಲ್ಲ ಓದಿದೆ. ಸಿಇಟಿ, ಐಎಸ್‌ಐ, ಚೆನ್ನೈ ಮೂರೂ ಬರೆಯುವುದು ಅಂತ ಆಗಿದೆ. ಎರಡೂ ಕಡೆ ಗಣಿತಕ್ಕೆ ಸಿಗದಿದ್ದರೆ ಹಾಸನದಲ್ಲೇ ಬಿ.ಎಸ್ಸಿ. ಸೇರಿ ಜ್ಯಾಮ್‌ಗೆ ಓದುತ್ತೇನೆ. ಎಂಜಿನಿಯರಿಂಗ್ ಬಗ್ಗೆ ಅಪ್ಪ ಇನ್ನೂ ಪೂರ್ತಿ ಬಿಟ್ಟಿಲ್ಲ, ಆದರೆ "ಸಾಲ ಬೇಡ ಅಂದರೆ ನೋಡೋಣ" ಅಂದರು.

ಹಾಸನದಲ್ಲಿ ಸೇರುವುದಾದರೆ ಗಣಿತದ ಜೊತೆ ಯಾವ ವಿಷಯ ತಗೊಳ್ಳಲಿ? ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್?

ಡೇಟಾ ಕೆಲಸದವಳು

ಸಿಗುವುದಾದರೆ ಗಣಿತ, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್, ಈ ಮೂರು. ಎಲ್ಲ ಕಾಲೇಜಿನಲ್ಲೂ ಈ ಜೋಡಣೆ ಇರುವುದಿಲ್ಲ, ಫೀ ಕಟ್ಟುವ ಮೊದಲು ಕೇಳಿ. ಆಮೇಲೆ ವಿಷಯ ಬದಲಿಸುವುದು ತುಂಬಾ ಕಷ್ಟ.

ಸ್ಟ್ಯಾಟಿಸ್ಟಿಕ್ಸ್ ಯಾಕೆ ಅಂದರೆ, ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿ ಇರಬೇಕು, ಇಲ್ಲವೇ ಅದರಲ್ಲಿ ಸ್ನಾತಕೋತ್ತರ ಪದವಿ ಆಗಿರಬೇಕು. ಬರೀ ಗಣಿತ ಓದಿದ್ದರೆ ಅರ್ಜಿ ಹಾಕಲು ಬರುವುದಿಲ್ಲ. ಕೊಪ್ಪಳದ ಸರ್, ನೀವು ಕೇಳಿದ ಸರ್ಕಾರಿ ಕೆಲಸಕ್ಕೂ ಇದೇ ಉತ್ತರ. ಗಣಿತದವರಿಗೆ ಹತ್ತಿರದ ಗ್ರೂಪ್ ಎ ಹುದ್ದೆ ಅದು, ಆದರೆ ಪದವಿಗೆ ಸೇರುವ ದಿನವೇ ಇದನ್ನು ನೋಡಿಕೊಂಡಿರಬೇಕು.

ಸ್ಟ್ಯಾಟಿಸ್ಟಿಕ್ಸ್ ಸಿಗದಿದ್ದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ತಗೊಳ್ಳಿ, ಸಂಭವನೀಯತೆಯನ್ನು ಎನ್‌ಪಿಟಿಇಎಲ್‌ನಲ್ಲಿ ಕಲಿಯಿರಿ. ಬಿ.ಎಡ್. ಮನಸ್ಸಿದ್ದರೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ನೋಡಿ, ಹೈಸ್ಕೂಲ್ ನೇಮಕಾತಿಗೆ ಆ ಜೋಡಣೆ ಕೇಳುತ್ತಾರೆ. ಪೈಥಾನ್‌ಗೆ ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ಗಂಟೆ ಇಡಿ, ಸಾಕು. ಫೋನಿನಲ್ಲೇ ಶುರು ಮಾಡಬಹುದು, ಲ್ಯಾಪ್‌ಟಾಪ್ ಇಲ್ಲ ಅಂತ ಕಾಯಬೇಡಿ. ಐಎಸ್‌ಐ ಅರ್ಜಿ ಪರೀಕ್ಷೆಗಿಂತ ತುಂಬಾ ಮೊದಲೇ ಮುಗಿದುಹೋಗುತ್ತೆ. ಪಿಯು ಪ್ರಾಕ್ಟಿಕಲ್ಸ್ ಗಡಿಬಿಡಿಯಲ್ಲಿ ಕೊನೆಯ ದಿನಾಂಕ ತಪ್ಪಿಸಿಕೊಂಡವರು ಬಹಳ ಜನ, ಜನವರಿಯಿಂದಲೇ ಅವರ ವೆಬ್‌ಸೈಟ್ ನೋಡುತ್ತಿರಿ.